ಆಕ್ಸಿಡೆಂಟ್ ವಿಡಿಯೋ ಚಾನೆಲ್‌ಗೆ ಕೊಟ್ಟು ತಪ್ಪು ಮಾಡಿದ್ನಾ?

ಪ್ರಶ್ನೆ:
ಹೋದ ವಾರ ನನ್ನ ಕಣ್ಣೆದುರೇ ಒಂದು ಲಾರಿ ಬೈಕಿಗೆ ಗುದ್ದಿ ಹೊರಟೇಹೋಗ್ತಿತ್ತು, ಆಂಬುಲೆನ್ಸ್‌ಗೆ ಫೋನ್ ಮಾಡ್ದೆ, ಲಾರಿಯವನು ತಪ್ಪಿಸ್ಕೋಬಾರ್ದು ನಂಬರ್ ಸಿಗ್ಲಿ ಅಂತ ಮೊಬೈಲಲ್ಲಿ ಒಂದು ನಿಮಿಷ ವಿಡಿಯೋನೂ ಮಾಡ್ದೆ. ಒಂದು ನ್ಯೂಸ್ ಚಾನೆಲ್‌ನವ್ರು ಕೇಳಿದ್ರು, ಕೊಟ್ಟೆ. ಸಂಜೆ ನೋಡಿದ್ರೆ ನಂಬರ್ ಪ್ಲೇಟ್ ಎರಡೇ ಸೆಕೆಂಡ್, ಬಿದ್ದಿದ್ದ ಹುಡುಗನ ಮುಖ ಮಾತ್ರ ಸ್ಲೋ ಮೋಷನ್ನಲ್ಲಿ, ಮ್ಯೂಸಿಕ್ ಹಾಕಿ, ಮತ್ತೆ ಮತ್ತೆ. ಅವನ ತಂಗಿಗೆ ವಿಷಯ ಗೊತ್ತಾಗಿದ್ದೇ ಆ ಟಿವಿ ನೋಡಿ ಅಂತೆ. ಅವತ್ತಿಂದ ನಿದ್ದೆ ಬರ್ತಿಲ್ಲ. ಶೂಟ್ ಮಾಡಿದ್ದೇ ತಪ್ಪಾ?

ಉತ್ತರ 1:
ಶೂಟ್ ಮಾಡಿದ್ದು ತಪ್ಪಲ್ಲ, ಸರ್. ನಾನು ಫೋಟೋ ಡೆಸ್ಕಲ್ಲಿ ಕೆಲಸ ಮಾಡ್ದವನು, ಅದಕ್ಕೇ ಹೇಳ್ತಿದ್ದೀನಿ. 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತಾಗ ಪೊಲೀಸರ ಮೊದಲ ಹೇಳಿಕೆಯಲ್ಲಿ ಒಬ್ಬ ಪೊಲೀಸ್ ಅವನ ಕುತ್ತಿಗೆ ಮೇಲೆ ಮಂಡಿ ಊರಿದ್ದರ ಸುದ್ದಿನೇ ಇರ್ಲಿಲ್ಲ, ಏನೋ ಆರೋಗ್ಯದ ತೊಂದರೆ ಅನ್ನೋ ಥರ ಬರೆದಿದ್ರು. ಡಾರ್ನೆಲ್ಲಾ ಫ್ರೇಜಿಯರ್ ಅನ್ನೋ 17 ವರ್ಷದ ಹುಡುಗಿ ಅಲ್ಲೇ ನಿಂತು ವಿಡಿಯೋ ಮಾಡಿರ್ಲಿಲ್ಲ ಅಂದಿದ್ರೆ ಅದೇ ನಿಜ ಆಗಿಬಿಡ್ತಿತ್ತೋ ಏನೋ. ನಿಮ್ಮ ವಿಡಿಯೋನೂ ಸಾಕ್ಷಿನೇ, ಅದನ್ನ ತಮಾಷೆ ಥರ ಮಾಡಿದ್ದು ಎಡಿಟಿಂಗ್ ಟೇಬಲ್ಲು. ಸಾಕ್ಷಿಗೆ ಮ್ಯೂಸಿಕ್ ಯಾಕ್ ಬೇಕಿತ್ತು?

ಉತ್ತರ 2:
ಎಲ್ಲರೂ ಮುಖ ಬ್ಲರ್ ಮಾಡ್ಬೇಕಿತ್ತು ಅಂತ ಶುರು ಮಾಡ್ತಾರೆ, ನನಗೆ ಅಷ್ಟು ಸುಲಭ ಅನ್ಸಲ್ಲ. 1955ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಅನ್ನೋ 14 ವರ್ಷದ ಕಪ್ಪು ಹುಡುಗನ್ನ ಗುರುತೇ ಸಿಗದ ಹಾಗೆ ಹೊಡೆದು ಕೊಂದ್ರು, ಅವನ ತಾಯಿ ಮೇಮಿ ಟಿಲ್ ಶವಪೆಟ್ಟಿಗೆ ಮುಚ್ಚೋಕೆ ಬಿಡ್ಲಿಲ್ಲ, ನನ್ನ ಮಗನಿಗೆ ಏನ್ ಮಾಡಿದಾರೆ ಅಂತ ಜಗತ್ತು ನೋಡ್ಲಿ ಅಂದ್ರು. ಜೆಟ್ ಪತ್ರಿಕೆ ಆ ಫೋಟೋ ಹಾಕ್ತು. ಅಲ್ಲಿ ಮುಖ ಮುಚ್ಚಿದ್ರೆ ಕೊಂದವರಿಗೇ ಅನುಕೂಲ ಆಗ್ತಿತ್ತು. ಆದ್ರೆ ತೋರಿಸ್ಬೇಕು ಅಂತ ತೀರ್ಮಾನ ಮಾಡಿದ್ದು ಹೆತ್ತ ತಾಯಿ, ನಿಮ್ಮ ಕೇಸಲ್ಲಿ ಆ ತಂಗೀನ ಯಾರೂ ಕೇಳೇ ಇಲ್ಲ. ನನ್ನ ಪ್ರಕಾರ ತಪ್ಪು ಇರೋದು ಅಲ್ಲೇ.

ಉತ್ತರ 3:
ಮೇಲಿನವರ ಮಾತಿಗೆ ಒಂದು ಸೇರಿಸ್ತೀನಿ. ಕೇಳೋಕೆ ಯಾರೂ ಇಲ್ದೇ ಇದ್ರೆ? 1993ರಲ್ಲಿ ಸುಡಾನ್‌ನಲ್ಲಿ ಕೆವಿನ್ ಕಾರ್ಟರ್ ತೆಗೆದ ಫೋಟೋ, ಹಸಿದು ಕುಸಿದ ಮಗು, ಹಿಂದೆ ರಣಹದ್ದು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ್ಮೇಲೆ ಮಗು ಏನಾಯ್ತು ಅಂತ ಓದುಗರು ಎಷ್ಟು ಕೇಳಿದ್ರು ಅಂದ್ರೆ ಪತ್ರಿಕೆ ಸ್ಪಷ್ಟನೆ ಹಾಕ್ಬೇಕಾಯ್ತು. ಫೋಟೋ ತೆಗೆಯೋ ಬದಲು ಮಗೂಗೆ ಸಹಾಯ ಮಾಡ್ಬೇಕಿತ್ತು ಅಂತ ಎಲ್ಲರೂ ಇವತ್ತಿಗೂ ಫೋಟೋಗ್ರಾಫರ್‌ನ ಬೈತಾರೆ, ನನ್ನನ್ನ ಕಾಡೋದು ಬೇರೆ, ಆ ಮಗುವಿನ ಹೆಸರೇ ಇಲ್ದೆ ಫೋಟೋ ಜಗತ್ತೆಲ್ಲಾ ಸುತ್ತಿಬಂತು. ದೂರದ ಬಡವರ ಮಕ್ಕಳ ಮುಖ ಸಲೀಸಾಗಿ ತೋರಿಸ್ತೀವಿ, ನಮ್ಮನೆ ಮಗು ಆಗಿದ್ರೆ ಒಪ್ತಿದ್ವಾ?

ಈಗ ಮಾಡೋ ಕೆಲಸ ಹೇಳ್ತೀನಿ ಕೇಳಿ. ವಾಟ್ಸಾಪಲ್ಲಿ ಕಳಿಸಿದ ಕಾಪಿ ಅಲ್ಲ, ಮೊಬೈಲಲ್ಲಿರೋ ಒರಿಜಿನಲ್ ಫೈಲ್ ಪೊಲೀಸರಿಗೆ ಕೊಡಿ, ವಾಟ್ಸಾಪಲ್ಲಿ ಹೋದ್ರೆ ಕ್ವಾಲಿಟಿ ಕೆಡುತ್ತೆ, ತೆಗೆದ ಟೈಮು ಜಾಗದ ಮಾಹಿತಿನೂ ಹೋಗ್ಬಿಡುತ್ತೆ. ಚಾನೆಲ್‌ಗೆ ಮುಖ ಇರೋ ಕ್ಲಿಪ್ ತೆಗೀರಿ ಅಂತ ಈಮೇಲಲ್ಲೇ ಬರೀರಿ, ಫೋನಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಎಲ್ರಿಗೂ. ಈಮೇಲ್ ಈಗ್ಲೇ ಹಾಕ್ದೆ, ಫೈಲ್ ನಾಳೆ ಪೆನ್‌ಡ್ರೈವಲ್ಲಿ ತಗೊಂಡು ಹೋಗ್ತೀನಿ. ಆ ತಂಗೀನ ಹೋಗಿ ನೋಡ್ಲಾ ಬೇಡ್ವಾ ಅನ್ನೋದು ಮಾತ್ರ ಇನ್ನೂ ಗೊತ್ತಾಗ್ತಿಲ್ಲ.