ಕೊಡಗಲ್ಲೇ ಇದ್ದು ಸೆಕೆಗೆ ಸಾಯ್ತಿದೀವಿ, ಬೇಸಿಗೇಲಿ ನಿಜವಾಗ್ಲೂ ತಣ್ಣಗಿರೋ ಊರು ಯಾವ್ದು?

ಕುಶಾಲನಗರದವ:
ನಗಬೇಡಿ ಪ್ಲೀಸ್. ನಾವಿರೋದು ಕುಶಾಲನಗರ. ಬೆಂಗಳೂರಿನ ನೆಂಟ್ರ ಹತ್ರ ಸೆಕೆ ಅಂದ್ರೆ "ಕೊಡಗಲ್ಲಿ ಎಂಥ ಸೆಕೆ" ಅಂತ ಕೇಳ್ತಾರೆ, ಅವರ ಲೆಕ್ಕದಲ್ಲಿ ಇಡೀ ಜಿಲ್ಲೆ ವರ್ಷಪೂರ್ತಿ ಮಂಜು ಹೊದ್ಕೊಂಡು ಮಲಗಿರುತ್ತೆ. ಇಲ್ಲಿ ಏಪ್ರಿಲ್ ಮಧ್ಯಾಹ್ನ 34 ಆಗುತ್ತೆ, ನಮ್ಮದು ಆರ್‌ಸಿಸಿ ಮನೆ ಬೇರೆ, ರಾತ್ರಿ ಹತ್ತು ಗಂಟೆಗೂ ಮಾಳಿಗೆ ರೂಮಿನ ಗೋಡೆ ಮುಟ್ಟಿದ್ರೆ ಬಿಸಿ. ಅಪ್ಪಂಗೆ 74, ಬಿಪಿ ಇದೆ, ಹೋದ ವರ್ಷ ಮಧ್ಯಾಹ್ನ ಅಂಗಡಿಯಿಂದ ನಡ್ಕೊಂಡು ಬಂದವ್ರು ಗೇಟ್ ಹತ್ರನೇ ತಲೆ ಸುತ್ತಿ ಕೂತ್ಬಿಟ್ರು. ಈ ಸಲ ಏಪ್ರಿಲ್, ಮೇ ಎರಡು ತಿಂಗಳು ಅಪ್ಪ ಅಮ್ಮನ್ನ ತಣ್ಣಗಿರೋ ಕಡೆ ಬಾಡಿಗೆ ಮನೇಲಿ ಇಡೋಣ ಅಂತ. ಟೂರ್ ಅಲ್ಲ, ಅಡುಗೆ ಮಾಡ್ಕೊಂಡು ಇರ್ಬೇಕು, ಆಸ್ಪತ್ರೆ ಹತ್ರ ಇರ್ಬೇಕು. ತಮ್ಮ ಊಟಿ ಅಂತಾನೆ, ಹೆಂಡ್ತಿ ಮಡಿಕೇರಿ ಸಾಕು ಅಂತಾಳೆ. ಅವಳ ತವರು ಮಡಿಕೇರೀನೇ, ಹಾಗಾಗಿ ಆ ಮಾತು ಪೂರ್ತಿ ನಂಬೋ ಹಾಗಿಲ್ಲ 😀

ಗಾಳಿಬೀಡು ಕಾಫಿ:
ನಿಮ್ಮ ಹೆಂಡ್ತಿ ಹೇಳಿದ್ದೇ ಸರಿ ಮಾರಾಯ್ರೆ.

ಕೊಡಗು ಅನ್ನೋ ಹೆಸರಲ್ಲಿ ತಂಪಿಲ್ಲ, ಎತ್ತರದಲ್ಲಿರೋದು. ಸಾವಿರ ಮೀಟರ್ ಮೇಲೆ ಹೋದ್ರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತೆ ಅಂತ ಲೆಕ್ಕ. ಕುಶಾಲನಗರ 830 ಮೀಟರ್ ಆಸುಪಾಸು, ಮಡಿಕೇರಿ 1,150 ಚಿಲ್ಲರೆ. ಹಾಗೆ ನೋಡಿದ್ರೆ ಎರಡೇ ಡಿಗ್ರಿ ವ್ಯತ್ಯಾಸ ಬರ್ಬೇಕು, ಆದ್ರೆ ನೀವೇ ಮಧ್ಯಾಹ್ನ ಬೈಕಲ್ಲಿ ಆನೆಕಾಡು ದಾಟಿ, ಸುಂಟಿಕೊಪ್ಪ ದಾಟಿ, ಬೋಯಿಕೇರಿ ಹತ್ತಿರ ಬರ್ತಾ ಇದ್ದ ಹಾಗೆ ಮುಖಕ್ಕೆ ಹೊಡೆಯೋ ಗಾಳಿ ಬದಲಾಗೋದು ಗೊತ್ತಾಗುತ್ತಲ್ವ, ಅದು ಎರಡು ಡಿಗ್ರಿ ಅಲ್ಲ, ಐದಾರು. ಯಾಕೆಂದ್ರೆ ಮಡಿಕೇರಿ ಬೆಟ್ಟದ ಏಣಿನ ಮೇಲಿದೆ, ಪಡುವಣ ಗಾಳಿ ನೇರ ಬಡಿಯುತ್ತೆ, ಮೋಡ ಬೇಗ ಕಟ್ಟುತ್ತೆ, ಏಪ್ರಿಲಲ್ಲಿ ಸಂಜೆ ಒಂದು ಗುಡುಗು ಮಳೆ ಬಿದ್ರೆ ರಾತ್ರಿ ಕಂಬಳಿ ಬೇಕು. ನೀವಿರೋದು ಮೂಡು ಬದಿ, ಮಳೆ ನೆರಳು. ಅಲ್ಲಿ ಗದ್ದೆ ಇದ್ದ ಜಾಗ ಎಲ್ಲ ಲೇಔಟ್ ಆಯ್ತು, ಅದೂ ಸೇರ್ಕೊಳ್ಳುತ್ತೆ.

ಎತ್ತರ ಒಂದನ್ನೇ ನೋಡಿ ಮೋಸ ಹೋಗ್ಬೇಡಿ ಮತ್ತೆ. ಬೆಂಗಳೂರು 920 ಮೀಟರಲ್ಲಿದೆ, ನಿಮ್ಮೂರಿಗಿಂತ ಎತ್ತರ, ಆದ್ರೂ 2016ರ ಏಪ್ರಿಲಲ್ಲಿ 39.2 ಮುಟ್ಟಿತ್ತು. ಹಾಗೇ ಬೆಟ್ಟದ ನಡುವೆ ಇದೆ ಅಂದ ಮಾತ್ರಕ್ಕೆ ತಂಪು ಅಲ್ಲ, ಭಾಗಮಂಡಲ ತಗ್ಗಲ್ಲಿದೆ, ಏಪ್ರಿಲಲ್ಲಿ ಬೆವರು ನಿಲ್ಲಲ್ಲ, ಎಂಟು ಕಿಲೋಮೀಟರ್ ಮೇಲೆ ತಲಕಾವೇರಿಗೆ ಹತ್ತಿದ್ರೆ ಬೇರೆ ಲೋಕ. ಮನೆ ನೋಡುವಾಗ ಹೆಂಚಿನದ್ದು, ಸುತ್ತ ಹಲಸೋ ಸಿಲ್ವರ್ ಓಕೋ ಮರದ ನೆರಳಿರೋದು ನೋಡಿ. ನಮ್ಮನೇಲಿ ನಾನು ಕಾಲೇಜಿಗೆ ಹೋಗೋವರೆಗೆ ಫ್ಯಾನೇ ಇರ್ಲಿಲ್ಲ. ಈಗ ಮೂರಿದೆ, ಸುಳ್ಳು ಹೇಳಲ್ಲ.

ಪೆನ್ಷನ್ ಸುಬೇದಾರ್:
ತಮ್ಮಾ, ನಾನು ಮಿಲಿಟರಿ ಸರ್ವಿಸಲ್ಲಿ ನೀಲಗಿರಿಯ ವೆಲಿಂಗ್ಟನ್ನಲ್ಲೂ ಇದ್ದೆ, ಶಿಲ್ಲಾಂಗಲ್ಲೂ ಇದ್ದೆ, ಅದಕ್ಕೇ ಹೇಳ್ತೇನೆ. ಊಟಿ 2,240 ಮೀಟರ್. ಏಪ್ರಿಲ್ ಹಗಲು 22, 23 ಇರ್ತದೆ, ಸುಖವೋ ಸುಖ, ಆದ್ರೆ ಬೆಳಗಿನ ಜಾವ 11, 12ಕ್ಕೆ ಇಳಿಯುತ್ತೆ. ವಯಸ್ಸಾದವರಿಗೆ ಮಂಡಿ ನೋವು, ಉಬ್ಬಸ ಇದ್ರೆ ಆ ಚಳಿ ಆಗಲ್ಲ, ರಾತ್ರಿ ಎದ್ದು ಬಾತ್‌ರೂಮಿಗೆ ಹೋಗೋದೇ ಶಿಕ್ಷೆ. ಬೇಕಂದ್ರೆ ಕೂನೂರು ನೋಡಿ, 1,850 ಮೀಟರ್, ವೆಲಿಂಗ್ಟನ್ ಪಕ್ಕದಲ್ಲೇ, ನನ್ನ ಕೇಳಿದ್ರೆ ಊಟಿಗಿಂತ ಹದವಾದ ಹವಾ. ಊಟಿಯೂ ಹಿಂದಿನ ಊಟಿ ಅಲ್ಲ, 2024ರ ಏಪ್ರಿಲ್ ಕೊನೇಲಿ 29 ಡಿಗ್ರಿ ಆಯ್ತು, ಅಲ್ಲಿಯ ಜನ ಫ್ಯಾನ್ ಅಂಗಡಿ ಹುಡುಕೋ ಹಾಗಾಯ್ತು. ಅದೇ ವರ್ಷ ಮೇ 7ರಿಂದ ಊಟಿಗೂ ಕೊಡೈಕೆನಾಲಿಗೂ ಹೊರಗಿನ ಗಾಡಿಗೆ ಇ-ಪಾಸ್ ಮಾಡಿದ್ರು, ಹೈಕೋರ್ಟ್ ಆದೇಶ. ಹೊರಡೋ ಮುಂಚೆ ವಿಚಾರಿಸ್ಕೊಳ್ಳಿ.

ಶಿಲ್ಲಾಂಗ್ ಸುಮಾರು 1,500 ಮೀಟರ್, ನಾವು ಸೆಕೆಗೆ ಒದ್ದಾಡೋ ಹೊತ್ತಿಗೆ ಅಲ್ಲಿ ಮಳೆ ಶುರು ಆಗಿ 24ರ ಹತ್ರ ಇರ್ತದೆ. ಅವರೂ ತಮ್ಮೂರನ್ನ ಸ್ಕಾಟ್‌ಲ್ಯಾಂಡ್ ಅಂತಾರೆ, ನಾವೂ ಅಂತೇವೆ, ಮೆಸ್ಸಲ್ಲಿ ಈ ವಿಷಯಕ್ಕೆ ಎಷ್ಟು ಜಗಳ ಆಗಿದೆಯೋ. ಆದ್ರೆ 74 ವರ್ಷದವರನ್ನ ಅಷ್ಟು ದೂರ ಕರ್ಕೊಂಡು ಹೋಗೋದು ಬೇಡ.

ಊರು ಬಿಟ್ಟವಳು:
ಬಾಡಿಗೆ ಮನೆ ಬಗ್ಗೆ ನಂಗೆ ಗೊತ್ತಿಲ್ಲ, ಆದ್ರೆ ತಂಪು ಬೇಸಿಗೆ ಅಂದ ಕೂಡ್ಲೇ ಬರೀಲೇಬೇಕು ಅನ್ನಿಸ್ತು. ನಾನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೀನಿ, ಮೂಲ ವಿರಾಜಪೇಟೆ. ಇಲ್ಲಿ ಎತ್ತರನೂ ಇಲ್ಲ ಎಂಥದೂ ಇಲ್ಲ, ಸಮುದ್ರದ ಮಟ್ಟ, ಆದ್ರೂ ಜುಲೈ ಮಧ್ಯಾಹ್ನ 20 ದಾಟಲ್ಲ, ಹೆಚ್ಚಿನ ದಿನ ಸ್ವೆಟರೇ. ಕಾರಣ ಸಮುದ್ರ. ಉತ್ತರದ ಕಡೆಯಿಂದ ತಣ್ಣನೆ ನೀರು ಹರ್ಕೊಂಡು ಬರುತ್ತೆ, ಅದರ ಮೇಲೆ ಮಂಜು ಕಟ್ಟುತ್ತೆ, ಒಳನಾಡಲ್ಲಿ ಸ್ಯಾಕ್ರಮೆಂಟೋ ಕಡೆ ಬಯಲು 33, 34ಕ್ಕೆ ಕಾಯ್ದಷ್ಟೂ ಈ ಮಂಜನ್ನ ಗೋಲ್ಡನ್ ಗೇಟ್ ಸಂದಿಯಿಂದ ಒಳಗೆ ಎಳ್ಕೊಳ್ಳುತ್ತೆ. ಅಂದ್ರೆ ಪಕ್ಕದೂರಿಗೆ ಸೆಕೆ ಜಾಸ್ತಿ ಆದಷ್ಟೂ ನಮಗೆ ಚಳಿ! ಇಲ್ಲಿ ಬಿಸಿ ಬರೋದು ಸೆಪ್ಟೆಂಬರಲ್ಲಿ. ಅಮ್ಮ ಜುಲೈಯಲ್ಲಿ ಬಂದಾಗ ಬೇಸಿಗೆ ಅಂತ ಬರೀ ಕಾಟನ್ ಸೀರೆ ತಂದಿದ್ರು, ಬಂದ ಮೂರನೇ ದಿನ ನನ್ನ ಜಾಕೆಟ್ ಹಾಕ್ಕೊಂಡು ಕಿಟಕಿ ಹತ್ರ ಕೂತು "ಥೇಟ್ ನಮ್ಮ ಮಳೆಗಾಲದ ಕಕ್ಕಡ ತಿಂಗಳ ಥರ ಇದೆ, ಮಳೆ ಒಂದಿಲ್ಲ" ಅಂದ್ರು.

ಸ್ಟೋನ್‌ಹಿಲ್ ಸೈಡ್:
ಮಡಿಕೇರಿ ಓಕೆ. ಆದ್ರೆ ನೀರು ಕೇಳ್ಕೊಂಡು ಅಡ್ವಾನ್ಸ್ ಕೊಡಿ. ತಂಪು ಇದೆ, ಊರಿಗೆ ನೀರು ಕೊಡೋ ಕೂಟುಹೊಳೆ ಬತ್ತಿದ್ರೆ ನಲ್ಲೀಲಿ ನೀರಿಲ್ಲ. ಮೇ ತಿಂಗಳು ವೀಕೆಂಡಲ್ಲಿ ರಾಜಾಸೀಟ್ ರೋಡ್ ಕಡೆ ಮನೆ ಬೇಡವೇ ಬೇಡ, ಬೆಂಗಳೂರಿನ ಕಾರು, ಹಾರನ್ನು, ಗೇಟ್ ಮುಂದೆನೇ ಪಾರ್ಕಿಂಗ್.

ಕುಶಾಲನಗರದವ:
ಎಲ್ಲರಿಗೂ ಥ್ಯಾಂಕ್ಸ್. ಸುಬೇದಾರ್ ಸರ್, ಅಪ್ಪಂಗೆ ಮಂಡಿ ನೋವು ಇದೆ, ನೀವು ಹೇಳಿದ್ದು ಓದಿ ತಮ್ಮನೂ ಊಟಿ ಬಿಟ್ಟ. ಮಡಿಕೇರಿ ಅಂತ ಆಯ್ತು, ಹೆಂಡ್ತಿ ಈಗ ನನ್ನ ಮುಖ ನೋಡಿ ನಗ್ತಾ ಇದಾಳೆ. ಹಾಸ್ಪಿಟಲ್ ಇಪ್ಪತ್ತು ನಿಮಿಷದೊಳಗೆ ಸಿಗೋ ಹಾಗೆ ಗಾಳಿಬೀಡು ರೋಡಲ್ಲಿ ಒಂದು ಹೆಂಚಿನ ಮನೆ ಇದೆ ಅಂತ ಭಾವ ಹೇಳಿದ, ಬಾವಿ ಇದೆಯಂತೆ, ಆದ್ರೆ ಏಪ್ರಿಲಲ್ಲಿ ನೀರಿರುತ್ತಾ ಅಂದ್ರೆ ಓನರ್ "ಇರುತ್ತೆ ಇರುತ್ತೆ" ಅಂತ ಎರಡು ಸಲ ಅಂದ್ರಂತೆ, ಅದಕ್ಕೇ ಡೌಟು.

ಗಾಳಿಬೀಡು ಕಾಫಿ:
ಎರಡು ಸಲ ಅಂದ್ರೆ ಇಲ್ಲ ಅಂತಲೇ ಅರ್ಥ 😀 ಮಾರ್ಚಲ್ಲಿ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಿದ್ದ ಮೇಲೆ ನೋಡ್ಬೇಡಿ, ಬೀಳೋಕೆ ಮುಂಚೆ ಒಂದು ಸಲ ಬಂದು ಹಗ್ಗ ಬಿಟ್ಟು ನೋಡಿ. ಬರುವಾಗ ಮೆಸೇಜ್ ಹಾಕಿ, ನಾನೂ ಬರ್ತೀನಿ.