ಗಿಡ ಹುಲುಸು, ಕಾಯಿ ಜೊಳ್ಳು: ಕಡಲೆಕಾಯಿ ಬೆಳೆಗಾರರ ಅನುಭವಗಳು

ಕೇಳಿದ್ದು: ಪಾವಗಡ ಕಡೆಯ ಕೆಂಪು ಮರಳುಮಿಶ್ರಿತ ಹೊಲದಲ್ಲಿ ಮಳೆಯಾಶ್ರಯದಲ್ಲಿ ಟಿಎಂವಿ-2 ತಳಿಯ ಕಡಲೆಕಾಯಿ ಬಿತ್ತುತ್ತೇವೆ. ಗಿಡ ಚೆನ್ನಾಗಿ ಬರುತ್ತದೆ, ಕಿತ್ತಾಗ ಮಾತ್ರ ಜೊಳ್ಳು ಕಾಯಿಯೇ ಹೆಚ್ಚು. ಡಿಎಪಿ ಗೊಬ್ಬರ ಹೆಚ್ಚಿಸಿದರೂ ಇಳುವರಿ ಏರಿಲ್ಲ. ಏನು ಮಾಡಬಹುದು?

ಚಳ್ಳಕೆರೆ ಕಡೆಯ ಬೆಳೆಗಾರರು:
ನೀವು ಹೇಳುವ ಲಕ್ಷಣ ನೋಡಿದರೆ ಕೊರತೆ ಇರುವುದು ಗಿಡಕ್ಕಲ್ಲ, ಕಾಯಿಗೆ. ಹೂವು ಬಾಡಿದ ಮೇಲೆ ಸೂಜಿಯಂತೆ ನೆಲಕ್ಕಿಳಿಯುವ ಊಡು, ಮಣ್ಣಿನೊಳಗೆ ಕಾಯಿಯಾಗಿ ಬಲಿಯುವಾಗ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳಬೇಕು. ಬೇರು ಹೀರಿದ್ದು ಎಲೆಗೆ ಏರುತ್ತದೆಯೇ ಹೊರತು ಕಾಯಿಗೆ ಇಳಿದು ಬರುವುದು ತೀರಾ ಕಡಿಮೆ. ಡಿಎಪಿಯಲ್ಲಿ ಸಾರಜನಕ ಮತ್ತು ರಂಜಕ ಇರುತ್ತವೆ, ಕ್ಯಾಲ್ಸಿಯಂ ಇರುವುದಿಲ್ಲ. ಹೀಗಾಗಿ ಅದನ್ನು ಹೆಚ್ಚಿಸಿದಷ್ಟೂ ಸೊಪ್ಪು ಕಾಣುತ್ತದೆ, ಬೀಜ ತುಂಬುವುದಿಲ್ಲ.

ನಮ್ಮಲ್ಲಿ ಬಿತ್ತನೆಯಾದ 30ರಿಂದ 35 ದಿನಕ್ಕೆ, ಹೂವು ತುಂಬಿದಾಗ, ನೆಲದಲ್ಲಿ ಹಸಿ ಇರುವ ದಿನ ನೋಡಿ, ಕ್ಯಾಲ್ಸಿಯಂ ಇರುವ ಜಿಪ್ಸಂ ಅನ್ನು ಎಕರೆಗೆ 200 ಕೆ.ಜಿ.ಯಂತೆ ಸಾಲಿನ ಬುಡಕ್ಕೆ ಹಾಕಿ ಎಡೆಕುಂಟೆ (ಸಾಲುಗಳ ನಡುವೆ ಕಳೆ ತೆಗೆಯಲು ಎಳೆಯುವ ಕುಂಟೆ) ಹೊಡೆದು ಮಣ್ಣೇರಿಸುತ್ತೇವೆ. ಒಣ ನೆಲಕ್ಕೆ ಹಾಕಿದ ಜಿಪ್ಸಂ ಮಳೆ ಬರುವವರೆಗೆ ಕರಗದೆ ಹಾಗೆಯೇ ಬಿದ್ದಿರುತ್ತದೆ. ಅದರಲ್ಲಿ ಗಂಧಕವೂ ಇರುವುದರಿಂದ ಎಣ್ಣೆಕಾಳಿಗೆ ಎರಡೂ ಒಟ್ಟಿಗೆ ದೊರಕುತ್ತವೆ. ಬಿತ್ತುವಾಗ ಡಿಎಪಿ ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ಬಳಸಿದರೆ ಸ್ವಲ್ಪ ಕ್ಯಾಲ್ಸಿಯಂ, ಸ್ವಲ್ಪ ಗಂಧಕ ಆಗಲೇ ಸಿಕ್ಕಿರುತ್ತದೆ.

ಇದಕ್ಕಿಂತ ಮುಖ್ಯವಾದುದು, ಆ ಎಡೆಕುಂಟೆಯೇ ಕೊನೆಯದಾಗಬೇಕು. 45 ದಿನದ ನಂತರ ಕುಂಟೆ ಹೊಡೆದರೆ ಇಳಿದ ಊಡುಗಳು ಕಿತ್ತುಹೋಗುತ್ತವೆ; ಆಮೇಲಿನ ಕಳೆಯನ್ನು ಕೈಯಿಂದ ಕೀಳುವುದೇ ಸರಿ, ಕೂಲಿ ದುಬಾರಿಯೆಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಪೊಟ್ಯಾಷ್ ಗೊಬ್ಬರವನ್ನು ಈ ಹಂತದಲ್ಲಿ ಬುಡಕ್ಕೆ ಸುರಿಯಬೇಡಿ, ಅದು ಕಾಯಿಗೆ ಕ್ಯಾಲ್ಸಿಯಂ ಸಿಗದಂತೆ ಮಾಡುತ್ತದೆ.

ಧಾರವಾಡ ಕಡೆಯ ಬೆಳೆಗಾರರು:
ಮೇಲಿನ ಮಾತು ಒಪ್ಪುವಂಥದ್ದೇ. ಆದರೆ ತಳಿಯನ್ನೂ ನೋಡಬೇಕು. ಟಿಎಂವಿ-2 ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಬಂದ ತಳಿ. ಎಲೆಚುಕ್ಕೆ ಮತ್ತು ತುಕ್ಕು ರೋಗಕ್ಕೆ ಬೇಗ ತುತ್ತಾಗುತ್ತದೆ. ಕಾಯಿ ತುಂಬುವ ಹೊತ್ತಿಗೆ ಎಲೆ ಉದುರಿಬಿಟ್ಟರೆ ಜಿಪ್ಸಂ ಎಷ್ಟು ಹಾಕಿದರೂ ಬೀಜ ಗಟ್ಟಿಯಾಗದು. ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಈ ಎರಡನ್ನೂ ತಡೆದುಕೊಳ್ಳುವುದರಿಂದ ಕೊಯ್ಲಿನವರೆಗೂ ಎಲೆ ನಿಲ್ಲುತ್ತದೆ, ಬಳ್ಳಿ ಮೇವಿಗೂ ಆಗುತ್ತದೆ. ಹೊಲವನ್ನೆಲ್ಲ ಒಮ್ಮೆಗೇ ಬದಲಿಸದೆ ಒಂದು ಪಟ್ಟಿಯಲ್ಲಿ ಬಿತ್ತಿ ನೋಡಿ, ನಿಮ್ಮ ಮಳೆಗೆ ಅದು ಹೊಂದಬೇಕಲ್ಲ.

ಶಿರಾ ಕಡೆಯ ಬೆಳೆಗಾರರು:
ಬೀಜದ ಬಗ್ಗೆ ಯಾರೂ ಹೇಳಲಿಲ್ಲ. ಕಾಯಿಯಲ್ಲೇ ಇಟ್ಟುಕೊಂಡು ಬಿತ್ತನೆಗೆ ಸ್ವಲ್ಪ ಮುಂಚೆ ಕೈಯಿಂದ ಸುಲಿಯಿರಿ. ಮೇಲಿನ ತೆಳು ಪೊರೆ ಕಿತ್ತುಹೋದ ಬೀಜ ಮೊಳಕೆಯಲ್ಲೇ ಕೊಳೆಯುತ್ತದೆ. ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಲೇಪಿಸಿದರೆ ಬುಡಕೊಳೆ ಕಡಿಮೆಯಾಗುತ್ತದೆ.

ಕೀಳುವ ಮುನ್ನ ಹೊಲದ ನಾಲ್ಕಾರು ಕಡೆ ಗಿಡ ಕಿತ್ತು ಕಾಯಿ ಒಡೆದು ನೋಡಿ. ಸಿಪ್ಪೆಯ ಒಳಮೈ ಬೆಳ್ಳಗಿದ್ದರೆ ಇನ್ನೂ ಎಳಸು. ಮುಕ್ಕಾಲು ಪಾಲು ಕಾಯಿಗಳಲ್ಲಿ ಕಂದು ಬಣ್ಣ ಹತ್ತಿದ್ದರೆ ತಡಮಾಡಬಾರದು, ಏಕೆಂದರೆ ಟಿಎಂವಿ-2ಗೆ ಸುಪ್ತಾವಸ್ಥೆಯಿಲ್ಲ (ಬಲಿತ ಬೀಜ ಮೊಳೆಯದೆ ಕೆಲಕಾಲ ಕಾಯುವ ಗುಣವಿಲ್ಲ), ಒಂದು ಮಳೆ ಬಿದ್ದರೆ ನೆಲದಲ್ಲೇ ಮೊಳೆಯುತ್ತದೆ.