ಡೆಂಪ್‌ಸ್ಟರ್ ಹೈವೇಗೆ ಯಾವ ಟೈರ್? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಕೆನಡಾದ ಕ್ಯಾಲ್ಗರಿಯಲ್ಲಿದ್ದೇವೆ. ಜುಲೈಯಲ್ಲಿ ಅಪ್ಪ ಅಮ್ಮನನ್ನೂ ಕರ್ಕೊಂಡು ಉತ್ತರದ ಯೂಕಾನ್‌ನ ಡಾಸನ್ ಕಡೆಯಿಂದ ಇನುವಿಕ್ ಊರಿಗೆ ಡೆಂಪ್‌ಸ್ಟರ್ ಹೈವೇಯಲ್ಲಿ ಹೋಗಬೇಕು ಅಂತಿದ್ದೇವೆ. 730 ಕಿ.ಮೀ.ಗೂ ಜಾಸ್ತಿ, ಹೆಚ್ಚುಕಡಿಮೆ ಪೂರ್ತಿ ಜಲ್ಲಿ ರಸ್ತೆ. ದಾರಿ ಮಧ್ಯದ ಈಗಲ್ ಪ್ಲೇನ್ಸ್ ತನಕ ಸುಮಾರು 370 ಕಿ.ಮೀ. ಪೆಟ್ರೋಲ್ ಬಂಕೇ ಇಲ್ಲ. ಅದಕ್ಕೆ ಕ್ಯಾನ್ ತಗೊಂಡಾಯ್ತು.

ಚಿಂತೆ ಟೈರಿನದು. ಅಲ್ಲಿನ ಜಲ್ಲಿ ಚಪ್ಪಟೆ, ಅಂಚು ಚಾಕುವಿನ ಹಾಗೆ ಚೂಪು. ನಮ್ಮ ಗಾಡಿಯಲ್ಲಿರುವುದು ಒಂದೇ ಸಣ್ಣ ಸ್ಟೆಪ್ನಿ. ಒಂದು ಅಂಗಡಿಯವರು ನಾಲ್ಕೂ ಟೈರ್ ತೆಗೆದು ದಪ್ಪ ಎಲ್‌ಟಿ (ಲೈಟ್ ಟ್ರಕ್, ಅಂದರೆ ಸಣ್ಣ ಟ್ರಕ್‌ಗಳಿಗೆ ಹಾಕುವ ಗಟ್ಟಿ) ಟೈರ್ ಹಾಕಿಸಿ ಅಂದರು. ಇನ್ನೊಬ್ಬರು ಇರುವುದೇ ಸಾಕು, ಪೂರ್ತಿ ಸೈಜಿನ ಎರಡು ಸ್ಟೆಪ್ನಿ ಇಟ್ಟುಕೊಳ್ಳಿ ಅನ್ನುತ್ತಾರೆ. ಎರಡನ್ನೂ ಮಾಡುವಷ್ಟು ದುಡ್ಡಿಲ್ಲ. ವಯಸ್ಸಾದವರು ಜೊತೆಗಿರುತ್ತಾರೆ, ದಾರಿ ಮಧ್ಯೆ ಫೋನೂ ಸಿಗಲ್ಲ.

ಈ ರಸ್ತೆಯಲ್ಲಿ ಓಡಿಸಿದವರು ದಯವಿಟ್ಟು ಹೇಳಿ: ಎಲ್‌ಟಿ ಟೈರಾ, ಎರಡು ಸ್ಟೆಪ್ನಿಯಾ, ಯಾವುದಕ್ಕೆ ದುಡ್ಡು ಹಾಕಲಿ?